ಕಲ್ಲುಹೂವನ್ನು ಬಳಸಬಹುದು

ಅಕ್ಕನ ಹಣೆಯ ಮೇಲೆ ಎದ್ದ ಮೊದಲ ಮಚ್ಚೆಯನ್ನು ನಾವೆಲ್ಲ ವಿಭೂತಿ ಅಂದುಕೊಂಡೆವು. ಎಡಹುಬ್ಬಿನ ಮೇಲೆ, ಉಗುರಿನಷ್ಟು ಅಗಲ. ಸ್ನಾನ ಮಾಡಿ ದೇವರ ಮನೆಯಿಂದ ಹೊರಗೆ ಬಂದವಳಿಗೆ ಅವ್ವ, "ಪಕ್ಕುಕ್ಕೆಲ್ಲ ಬಳ್ಕಂಡಿದ್ದೀಯಲ್ಲ, ಒರಿಸ್ಕೊ" ಅಂದಳು. ಅಕ್ಕ ಸೆರಗಿನಿಂದ ಒರೆಸಿಕೊಂಡಳು. ಸಂಜೆ ಅವ್ವ ಮತ್ತೆ ಅದನ್ನೇ ಹೇಳಿದಳು, ಅಕ್ಕ ಮತ್ತೆ ಒರೆಸಿಕೊಂಡಳು. ಮೂರನೆಯ ದಿನ ಅವ್ವ ತಾನೇ ಸೆರಗಿನ ತುದಿಯನ್ನು ನೀರಿಗೆ ಅದ್ದಿ, ಚರ್ಮ ಕೆಂಪಾಗುವ ತನಕ ತಿಕ್ಕಿದಳು. ಆಮೇಲೆ ಅಡುಗೆಮನೆಗೆ ಹೋದಳು. ತೊನ್ನು ಎಂಬ ಮಾತನ್ನು ಅವ್ವ ಅವತ್ತೂ ಆಡಲಿಲ್ಲ, ಸಾಯುವ ತನಕವೂ ಆಡಲಿಲ್ಲ. 'ಅದು' ಅನ್ನುತ್ತಿದ್ದಳು, ಅಷ್ಟೆ.

ನಮ್ಮದು ಗುಂಡ್ಲುಪೇಟೆ ಕಡೆಯ ಬೇಗೂರು. ಎರಡು ವರ್ಷದೊಳಗೆ 'ಅದು' ಅಕ್ಕನ ಕಣ್ಣಿನ ಸುತ್ತ, ತುಟಿಯ ಅಂಚಿಗೆ, ಎರಡೂ ಮುಂಗೈಗೆ ಹಬ್ಬಿತು. ಕುದೇರಿನಲ್ಲಿ ಮಾತಾಗಿದ್ದ ಸಂಬಂಧದವರು ಬೇಡ ಎಂದೂ ಹೇಳಲಿಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸಿದರು. ಅದಕ್ಕಾಗಿ ಅಕ್ಕ ಅತ್ತದ್ದನ್ನು ನಾನು ಕಂಡಿಲ್ಲ. ಅವಳ ಗೋಳು ಬೇರೆಯದು, ಬಿಸಿಲಿನದು. ಬಣ್ಣ ಕಳೆದುಕೊಂಡ ಚರ್ಮಕ್ಕೆ ಬಿಸಿಲು ತಡೆಯುವ ತಾಕತ್ತು ಇರುವುದಿಲ್ಲ. ಹೊಲದಲ್ಲಿ ಒಂದು ಗಂಟೆ ನಿಂತರೆ ಬಿಳಿ ಜಾಗವೆಲ್ಲ ಕೆಂಪಗೆ ಕಾದು, ಸಂಜೆಗೆ ಊದಿಕೊಂಡು, ಮೂರು ದಿನಕ್ಕೆ ಸಿಪ್ಪೆ ಏಳುತ್ತಿತ್ತು.

ನಮ್ಮ ಹೊಲವೋ ಹೆದ್ದಾರಿಯ ಪಕ್ಕದಲ್ಲೇ. ಆ ವರ್ಷಗಳಲ್ಲಿ ನಮ್ಮ ಕಡೆಯವರೆಲ್ಲ ಚೆಂಡುಹೂ ಹಾಕುತ್ತಿದ್ದರು. ಹೂವಿನಿಂದ ಬಣ್ಣ ತೆಗೆಯುವ ಕಾರ್ಖಾನೆಯ ಲಾರಿ ಬಂದು ತುಂಬಿಕೊಂಡು ಹೋಗುತ್ತಿತ್ತು. ಅಕ್ಕ ಅಪ್ಪನ ಹಳೇ ತುಂಬುತೋಳಿನ ಅಂಗಿ ಹಾಕಿಕೊಂಡು, ಕಣ್ಣು ಮಾತ್ರ ಕಾಣುವಂತೆ ಟವೆಲ್ಲು ಸುತ್ತಿಕೊಂಡು ಹೂ ಕೊಯ್ಯುತ್ತಿದ್ದಳು. ಊಟಿಗೆ ಹೋಗುವವರು, ಕೇರಳದ ಕಾರಿನವರು ಹಳದಿ ಹೊಲ ಕಂಡ ಕೂಡಲೇ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು. ಕಾರು ನಿಂತ ಸದ್ದಾದರೆ ಅಕ್ಕ ರಸ್ತೆಗೆ ಬೆನ್ನು ಮಾಡಿ ಬಗ್ಗುತ್ತಿದ್ದಳು. ಟವೆಲ್ಲಿನೊಳಗೆ ಬೆವರು, ಬೆವರಿಗೆ ತುರಿಕೆ, ತುರಿಸಿದರೆ ಇನ್ನೊಂದು ಗಾಯ.

"ಮಕ ಬುಟ್ಕಂಡು ಊ ಕುಯ್ಯಂಗಾದ್ರೆ ಸಾಕು ಕಣಮ್ಮಿ, ಇನ್ನೇನೂ ಬ್ಯಾಡ ನಂಗೆ" ಅಂದಿದ್ದಳು ಒಮ್ಮೆ, ಬದುವಿನ ಮೇಲೆ ಕೂತು ಟವೆಲ್ಲು ಹಿಂಡುತ್ತಾ. ನನ್ನನ್ನು ಅವಳು ಮುದ್ದಿಗೆ ಅಮ್ಮಿ ಎಂದೇ ಕರೆಯುತ್ತಿದ್ದಳು. ನಾನು ಆಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಅಕ್ಕ ಎಸ್ಸೆಸ್ಸೆಲ್ಸಿಗೆ ಬಿಟ್ಟು ಹೊಲ ಹಿಡಿದದ್ದರಿಂದಲೇ ನಾನು ಕಾಲೇಜಿಗೆ ಹೋಗುತ್ತಿದ್ದದ್ದು. ಈ ಮಾತನ್ನು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಗುಂಡ್ಲುಪೇಟೆಯ ಡಾಕ್ಟರ ಹತ್ತಿರ ಹೋದೆವು. ಅವರು ಅಕ್ಕನ ಕೈಯನ್ನು ತಿರುಗಿಸಿ ನೋಡಿ, "ಬಿಸಿಲಿಗೆ ಹೋಗಬೇಡಿ" ಅಂದರು. "ಒಲ್ದಲ್ಲಿ ಬಿಸ್ಲಿಲ್ದೆ ಇನ್ನೇನದೆ ಸಾ?" ಅಂದಳು ಅಕ್ಕ. ಅವರು ನಗದೆ ಒಂದು ಚೀಟಿ ಬರೆದುಕೊಟ್ಟರು, ಬಿಸಿಲು ತಡೆಯುವ ಕ್ರೀಮು. ಮೆಡಿಕಲ್ ಅಂಗಡಿಯವನಿಗೆ ಆ ಹೆಸರೇ ಗೊತ್ತಿರಲಿಲ್ಲ. ಮುಖಕ್ಕೆ ಹಚ್ಚುವುದಾದರೆ ಇದೇ ಇರುವುದು ಎಂದು ಬೆಳ್ಳಗಾಗುವ ಕ್ರೀಮನ್ನು ತೆಗೆದು ಗಾಜಿನ ಮೇಲಿಟ್ಟ. ಡಬ್ಬಿಯ ಮೇಲೆ ಒಬ್ಬಳೇ ಹೆಂಗಸಿನ ಆರು ಮುಖ, ಕಪ್ಪಿನಿಂದ ಬಿಳುಪಿಗೆ ಸಾಲಾಗಿ. ಅಕ್ಕ ಅದನ್ನು ಸ್ವಲ್ಪ ಹೊತ್ತು ನೋಡಿ, "ನಾನಾಗ್ಲೇ ಕಡೇ ಮಕುಕ್ಕೆ ಬಂದಿವ್ನಿ ಕಣಣ್ಣ, ಮಡಿಕ್ಕೊ" ಅಂದು ಹೊರಗೆ ಬಂದಳು. ದೇಶಕ್ಕೆ ದೇಶವೇ ಬೆಳ್ಳಗಾಗಲು ಸಾಯುತ್ತಿದ್ದ ಕಾಲ ಅದು. ನಮ್ಮ ಮನೆಯಲ್ಲಿ ಪುಕ್ಕಟೆ ಬೆಳ್ಳಗಾಗುತ್ತಿದ್ದವಳು ಬಸ್‌ಸ್ಟ್ಯಾಂಡಿನ ನೆರಳಿನಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಳು.

ಡಿಗ್ರಿ ಮುಗಿದ ಮೇಲೆ ಚಾಮರಾಜನಗರದ ಒಂದು ಕಾಲೇಜಿನಲ್ಲಿ ನನಗೆ ಪ್ರಾಜೆಕ್ಟ್ ಅಸಿಸ್ಟೆಂಟ್ ಕೆಲಸ ಸಿಕ್ಕಿತು. ಅಲ್ಲಿನ ಸಸ್ಯಶಾಸ್ತ್ರದ ಮೇಷ್ಟರಿಗೆ ಒಂದು ಸಣ್ಣ ಸಂಶೋಧನೆ ಮಂಜೂರಾಗಿತ್ತು. ನಾವು ಅವರನ್ನು ಸರ್ ಅನ್ನುತ್ತಿದ್ದೆವು, ಇಲ್ಲೂ ಹಾಗೇ ಕರೆಯುತ್ತೇನೆ. ಸಂಶೋಧನೆಯ ವಿಷಯ ಕಲ್ಲುಹೂವು. ಮಸಾಲೆ ಪುಡಿಗೆ ಹುರಿದು ಹಾಕುತ್ತೇವಲ್ಲ, ಒಣಗಿ ಮುದುಡಿದ ಕರಿ ಎಲೆಯಂಥದ್ದು, ಅದೇ. ಅದು ಹೂವೂ ಅಲ್ಲ, ಗಿಡವೂ ಅಲ್ಲ. ಒಂದು ಶಿಲೀಂಧ್ರ, ಒಂದು ಪಾಚಿ ಸೇರಿ ಒಂದೇ ಸಂಸಾರ ಹೂಡಿದ ಜೀವ. ಬಂಡೆಯ ಮೇಲೋ ಮರದ ತೊಗಟೆಯ ಮೇಲೋ ವರ್ಷಗಟ್ಟಲೆ ಅಂಟಿಕೊಂಡಿರುತ್ತದೆ. ಬಿಸಿಲು ಬಂತೆಂದು ನೆರಳಿಗೆ ಸರಿಯಲು ಕಾಲಿಲ್ಲ. ಅದಕ್ಕೇ ಅದು, ಕಣ್ಣಿಗೆ ಕಾಣದೆ ಚರ್ಮ ಸುಡುವ ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುವ ಅಂಶಗಳನ್ನು ತನ್ನೊಳಗೇ ಮಾಡಿಕೊಂಡು ಕೂತಿರುತ್ತದೆ. ಆ ಅಂಶಗಳನ್ನು ಬೇರ್ಪಡಿಸಿ, ಮನುಷ್ಯರ ಚರ್ಮಕ್ಕೂ ಆದಾವೇ ಎಂದು ನೋಡುವುದು ಸರ್ ಅವರ ಆಸೆ. ಮೊದಲ ದಿನ ಇದನ್ನು ಕೇಳಿದಾಗಲೇ ನನಗೆ ಅಕ್ಕ ನೆನಪಾದಳು. ನೆರಳಿಗೆ ಸರಿಯಲಾಗದವಳೊಬ್ಬಳು ನಮ್ಮ ಮನೆಯಲ್ಲೂ ಇದ್ದಳಲ್ಲ.

ಕಲ್ಲುಹೂವನ್ನು ಕಾಡಿಗೆ ಹೋಗಿ, ಜಾತಿ ಗುರುತಿಸಿ ತರಬೇಕು. ಅದಕ್ಕೆ ಅನುಮತಿಪತ್ರ ಬೇಕು, ಅನುಮತಿಪತ್ರಕ್ಕೆ ಓಡಾಡಲು ಸರ್‌ಗೆ ಪುರುಸೊತ್ತಿಲ್ಲ. "ನಿಮ್ಮ ಗುಂಡ್ಲುಪೇಟೆ ಅಂಗಡೀಲಿ ಸಿಗುತ್ತಲ್ಲಮ್ಮ, ಒಂದು ಕೆಜಿ ತಂದುಬಿಡಿ" ಅಂದರು. ಶನಿವಾರ ಊರಿಗೆ ಹೋದವಳು ಅಕ್ಕನನ್ನೂ ಕರೆದುಕೊಂಡು ಹೋಗಿ, ದಿನಸಿ ಅಂಗಡಿಯಲ್ಲಿ ತೂಗಿಸಿದೆ. ಚೀಲ ಹಿಡಿದುಕೊಂಡವಳು ಅಕ್ಕನೇ. "ಇಷ್ಟೊಂದು ಮಸಾಲೆ ಯಾರ ಮದ್ವೆಗೆ?" ಎಂದು ಅಂಗಡಿಯವನು ಕೇಳಿದಾಗ ಇಬ್ಬರೂ ನಕ್ಕಿದ್ದೆವು.

ಲ್ಯಾಬಿನಲ್ಲಿ ಅದನ್ನು ಚಿಮುಟದಲ್ಲಿ ಆರಿಸಿ ಬೇರೆ ಮಾಡುವುದೇ ನನಗೆ ಎರಡು ವಾರದ ಕೆಲಸವಾಯಿತು. ಕರಿ ಎಲೆಯಂಥದ್ದು ಒಂದು ಗುಡ್ಡೆ. ಗಡ್ಡದ ಕೂದಲಿನಂತೆ ಎಳೆಎಳೆಯಾದ, ಹಳದಿ ಮಿಶ್ರಿತ ಹಸಿರಿನದು ಇನ್ನೊಂದು. ಕಸ, ತೊಗಟೆ ಮತ್ತೊಂದು. ಆರಿಸಿದ್ದನ್ನು ಪುಡಿ ಮಾಡಿ, ಅಸಿಟೋನಿನಲ್ಲಿ ನೆನೆಹಾಕಿ, ಸೋಸಿ, ಆವಿಯಾಗಿಸಿದರೆ ಗಾಜಿನ ತಳದಲ್ಲಿ ಹಳದಿ ಪುಡಿ ಉಳಿಯುತ್ತಿತ್ತು. "ಗ್ಲೌಸ್ ಹಾಕದೆ ಮುಟ್ಟಬೇಡಿ" ಎಂದು ಸರ್ ಮೊದಲ ದಿನವೇ ಹೇಳಿದ್ದರು. ಏಕೆ ಎಂದು ನಾನು ಕೇಳಲಿಲ್ಲ. ಲ್ಯಾಬು ಅಂದ ಮೇಲೆ ಗ್ಲೌಸು ಇರುತ್ತದೆ ಅಂದುಕೊಂಡೆ. ದಿನವೂ ಹಾಕಿದೆ, ದಿನವೂ ಬಿಚ್ಚಿ ಕಸದ ಬುಟ್ಟಿಗೆ ಎಸೆದೆ.

ಆ ಪುಡಿಯನ್ನು ಮೈಸೂರಿಗೆ ಒಯ್ದು ಯಂತ್ರದಲ್ಲಿಟ್ಟು ನೋಡಿದೆವು. ಯಾವ ಕಿರಣವನ್ನು ಎಷ್ಟು ಹೀರಿಕೊಳ್ಳುತ್ತದೆ ಎಂದು ಕಾಗದದ ಮೇಲೆ ಗೆರೆ ಎಳೆಯುವ ಯಂತ್ರ ಅದು. ಚರ್ಮ ಸುಡುವ ಕಿರಣಗಳಿರುವ ಜಾಗಕ್ಕೆ ಬಂದಾಗ ಗೆರೆ ಎದ್ದು ನಿಂತಿತು. ಸರ್ ನನ್ನ ಬೆನ್ನು ತಟ್ಟಿದರು. ವಾಪಸು ಬರುವ ಬಸ್ಸಿನಲ್ಲಿ ಆ ಕಾಗದವನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ, ಚೀಲಕ್ಕೆ ಹಾಕಲು ಮನಸ್ಸಾಗಲಿಲ್ಲ. ಯಂತ್ರ ಹೇಳಿದ್ದು ಕಿರಣದ ವಿಚಾರ ಮಾತ್ರ. ಚರ್ಮದ ವಿಚಾರ ಅದಕ್ಕೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಆದರೆ ಗೊತ್ತಿಲ್ಲ ಎಂಬುದೇ ನನಗೆ ಗೊತ್ತಿರಲಿಲ್ಲ.

ಸರ್ ಇಂಗ್ಲಿಷಿನಲ್ಲಿ ಲೇಖನ ಬರೆದರು. ಅದರ ಕೊನೆಯ ವಾಕ್ಯದಲ್ಲಿ ಒಂದು 'ಮೇ' ಇತ್ತು, 'ಮೇ ಬಿ' ಅನ್ನುತ್ತೇವಲ್ಲ, ಅದು. ಸಂಶೋಧಕರಿಗೆ ಆ 'ಮೇ' ಬಹಳ ಅನುಕೂಲದ ಮಾತು. ಆದರೂ ಆಯಿತು, ಆಗದಿದ್ದರೂ ಆಯಿತು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಅದನ್ನೇ ಚಿಕ್ಕದಾಗಿ ಕನ್ನಡಕ್ಕೆ ಮಾಡಿಕೊಡಲು ನನಗೆ ಹೇಳಿದರು. ನಾನು ಬರೆದದ್ದು ಹೀಗೆ: 'ಕಲ್ಲುಹೂವಿನ ಈ ಅಂಶಗಳು ಮನುಷ್ಯರ ಚರ್ಮವನ್ನು ಬಿಸಿಲಿನಿಂದ ಕಾಪಾಡಲು ಮುಂದೆ ಎಂದಾದರೂ ಉಪಯೋಗಕ್ಕೆ ಬಂದಾವು, ಇನ್ನೂ ಪರೀಕ್ಷಿಸಿ ನೋಡಬೇಕು.' ಸರ್ ಕೆಂಪು ಪೆನ್ನಿನಲ್ಲಿ ಅರ್ಧ ಹೊಡೆದುಹಾಕಿದರು. "ಇದೇನಮ್ಮ, ಅಜ್ಜಿ ಮಾತಾಡ್ದಂಗಿದೆ. ಬಂದಾವು, ಹೋದಾವು! ಚುಟುಕಾಗಿ 'ಬಳಸಬಹುದು' ಅನ್ನಿ ಸಾಕು." ನಾನು ತಿದ್ದಿದೆ. ನನಗೂ ಅದೇ ಗಟ್ಟಿಯಾಗಿ ಕಂಡಿತು. 'ಕಲ್ಲುಹೂವನ್ನು ಬಿಸಿಲಿನಿಂದ ಚರ್ಮದ ರಕ್ಷಣೆಗೆ ಬಳಸಬಹುದು' ಎಂದು ಅಚ್ಚಾಯಿತು. ಕೆಳಗೆ ನನ್ನ ಹೆಸರು.

ಅನುಮಾನಕ್ಕೆ ನಮ್ಮ ಭಾಷೆಯಲ್ಲಿ ಬೇರೆಯೇ ಮಾತಿತ್ತು. ಆದೀತು, ಬಂದೀತು. ಮನೆಯಲ್ಲಿ ಅವ್ವ ದಿನವೂ ಆಡುತ್ತಿದ್ದ ಮಾತು. ಅದನ್ನು ಹೊಡೆದುಹಾಕಿ ಹಾಕಿದ ಈ 'ಬಹುದು' ಇದೆಯಲ್ಲ, ಅದಕ್ಕೆ ಎರಡು ಮುಖ. ಮಳೆ ಬರಬಹುದು ಅಂದರೆ ಬಂದರೂ ಬರಬಹುದು, ಇಲ್ಲದಿದ್ದರೂ ಇಲ್ಲ. ಒಳಗೆ ಬರಬಹುದು ಅಂದರೆ ಅಪ್ಪಣೆ, ಬಾಗಿಲು ತೆಗೆದಿದೆ ಎಂದರ್ಥ.

ಆ ಸಂಚಿಕೆಯನ್ನು ಊರಿಗೆ ಒಯ್ದೆ. ಅಕ್ಕ ನಡುಮನೆಯಲ್ಲಿ ಕೂತು, ಬೆರಳಿಟ್ಟು, ನನ್ನ ಲೇಖನವನ್ನು ಪೂರ್ತಿ ಓದಿದಳು. ಮಾರನೆಯ ದಿನ ನಾನು ಬಸ್ಸಿಗೆ ಓಡುವ ಅವಸರದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಹಿಂದೆಯೇ ಬಂದು ಕೇಳಿದಳು.

"ಅಮ್ಮಿ, ಅದು ನಾವು ಅವತ್ತು ತಂದ್ವಲ್ಲ, ಅದೇ ಕಲ್ಲೂವಾ?"

"ಊಂ ಕಣಕ್ಕ, ಅದೇಯ."

"ಅಚ್ಕಬೋದಾ?"

"ಅಚ್ಕಬೋದು" ಅಂದೆ. ಬಸ್ಸಿನ ಹಾರ್ನು ಕೇಳಿಸಿತು, ಓಡಿದೆ.

ನನ್ನ ತಲೆಯಲ್ಲಿದ್ದದ್ದು ಸರ್ ಅವರ 'ಮೇ'. ಅಕ್ಕನ ಕಿವಿಗೆ ಬಿದ್ದದ್ದು ಅಪ್ಪಣೆ. ಓದಿದ ತಂಗಿ ಕೊಟ್ಟ ಅಪ್ಪಣೆ, ಅದೂ ಅಚ್ಚಿನಲ್ಲಿ.

ಅಕ್ಕ ಅದೇ ಅಂಗಡಿಯಿಂದ ಕಲ್ಲುಹೂವು ತಂದು, ಒರಳಿನಲ್ಲಿ ನುಣ್ಣಗೆ ಕುಟ್ಟಿ, ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ಶೀಶೆಯಲ್ಲಿ ತುಂಬಿಟ್ಟಳು. ಆರಿಸಲಿಲ್ಲ. ಆರಿಸಬೇಕೆಂದು ಅವಳಿಗೆ ಹೇಳಿದವರಾರು? ಇದನ್ನು ನನಗೆ ಗೊತ್ತಾಗದಂತೆ ಮಾಡಿದಳು ಎಂದು ಬರೆದರೆ ನನಗೆ ಅನುಕೂಲ. ಆದರೆ ಹಾಗಾಗಲಿಲ್ಲ. ಎರಡು ವಾರ ಬಿಟ್ಟು ಶನಿವಾರ ಮಧ್ಯಾಹ್ನ ನಾನು ಬಸ್ಸಿನಿಂದ ಇಳಿದಾಗ ಅಕ್ಕ ಹೊಲದಲ್ಲಿ ನಿಂತಿದ್ದಳು. ಟವೆಲ್ಲು ಹೆಗಲ ಮೇಲಿತ್ತು. ಮುಖಕ್ಕೆಲ್ಲ ಹಸಿರುಗಪ್ಪು ಎಣ್ಣೆ ಬಳಿದುಕೊಂಡು, ಬರಿಮುಖದಲ್ಲಿ, ಬಿಸಿಲಿನಲ್ಲಿ, ನನ್ನನ್ನು ಕಂಡು ಕೈ ಬೀಸಿದಳು.

"ಉರೀನೇ ಇಲ್ಲ ಕಣಮ್ಮಿ! ಅತ್ತು ದಿನಾಯ್ತು, ಟವಲ್ಲು ಕಟ್ಟಿಲ್ಲ ನಾನು!"

ಹತ್ತಿರ ಹೋದರೆ ಮಸಾಲೆಯ ವಾಸನೆ. ಇಬ್ಬರೂ ನಕ್ಕೆವು. ರಸ್ತೆಯಲ್ಲಿ ಒಂದು ಕಾರು ನಿಂತಿತು, ಅಕ್ಕ ಬೆನ್ನು ಮಾಡಲಿಲ್ಲ. ಆ ಕ್ಷಣದಲ್ಲಿ ನನಗೆ ಆದ ಹೆಮ್ಮೆಯನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಏನು ಹಾಕಿದ್ದೀಯ, ಎಷ್ಟು ಹಾಕಿದ್ದೀಯ ಎಂದು ಒಂದು ಮಾತು ಕೇಳಬಹುದಿತ್ತು. ಶೀಶೆ ತರಿಸಿ ನೋಡಬಹುದಿತ್ತು. ತಿನ್ನುವ ಪದಾರ್ಥ ತಾನೇ, ಮೈಗೆ ಹಚ್ಚಿದರೆ ಏನಾಗುತ್ತದೆ ಎಂದು ಅವಳಂತೆ ನಾನೂ ಅಂದುಕೊಂಡೆ. ಸೋಮವಾರ ಲ್ಯಾಬಿಗೆ ಹೋಗಿ ಸರ್‌ಗೆ ಹೇಳಿದೆ. ಅವರು ತಲೆ ಎತ್ತದೆ, "ಹೌದಾ? ವೆರಿ ಗುಡ್" ಅಂದರು. ಗ್ಲೌಸು ಹಾಕಿಕೊಂಡು ನಾನು ಕೆಲಸಕ್ಕೆ ಕೂತೆ.

ಗುರುವಾರ ಕಾಲೇಜಿನ ಆಫೀಸಿಗೆ ಫೋನು ಬಂತು. ಎದುರುಮನೆಯಿಂದ ಅವ್ವ ಮಾಡಿಸಿದ್ದಳು. "ಬೇಗ ಬಂದ್ಬುಡು. ನಿಮ್ಮಕ್ಕುಂಗೆ ಕಣ್ಣೇ ಬುಡಕಾಗ್ತಿಲ್ಲ" ಅಂದಳು. ನಾನು ಹೋಗುವ ಹೊತ್ತಿಗೆ ಅಕ್ಕನನ್ನು ಗುಂಡ್ಲುಪೇಟೆಯ ಆಸ್ಪತ್ರೆಗೆ ಸೇರಿಸಿದ್ದರು. ಮುಖ ಊದಿ, ಕಣ್ಣು ಎರಡು ಗೀಟಾಗಿದ್ದವು. ಎಣ್ಣೆ ತಾಗಿದ ಕಡೆಯೆಲ್ಲ ನೀರುಗುಳ್ಳೆ ಎದ್ದು, ಒಡೆದು ಸೋರುತ್ತಿತ್ತು. ಬಿಳಿ ಜಾಗ, ಬಣ್ಣವಿದ್ದ ಜಾಗ ಎಂಬ ವ್ಯತ್ಯಾಸವಿಲ್ಲ. ಹಳೆಯ ಡಾಕ್ಟರೇ ಇದ್ದರು. "ಏನು ಹಚ್ಚಿದ್ರಿ?" ಎಂದು ಕೇಳಿದರು. ಅಕ್ಕ ಊದಿದ ತುಟಿಯಲ್ಲೇ, "ನಮ್ಮ ಅಮ್ಮಿ ಓದಿ ಕಂಡಿಡ್ದವ್ಳೆ ಸಾ" ಅಂದಳು. ದೂರಿನ ದನಿಯಲ್ಲಲ್ಲ. ಇನ್ನೂ ಅಭಿಮಾನವೇ ಇತ್ತು ಆ ದನಿಯಲ್ಲಿ. ಅವಳು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಚಾಮರಾಜನಗರಕ್ಕೆ ವಾಪಸಾಗಿ ಸರ್ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ಅಯ್ಯೋ, ಕೆಲವರ ಚರ್ಮಕ್ಕೆ ಅದು ಆಗೋದಿಲ್ಲಮ್ಮ. ಕಲ್ಲುಹೂವು ಹತ್ತಿದ ಮರ ಕಡಿಯೋರಿಗೆ ಇಂಥ ಅಲರ್ಜಿ ಆಗುತ್ತೆ, ಇದು ಹಳೇ ವಿಷಯ. ಅದಕ್ಕೇ ತಾನೇ ಗ್ಲೌಸ್ ಹಾಕಿ ಅಂದಿದ್ದು?"

"ಮತ್ತೆ ಬಳಸಬಹುದು ಅಂತ ಹಾಕಿದ್ವಲ್ಲ ಸರ್?"

"ಬಹುದು ಅಂತ ತಾನೇ ಹಾಕಿದ್ದು? ಹಚ್ಚಿಕೊಳ್ಳಿ ಅಂತ ಎಲ್ಲಿ ಬರೆದಿದ್ದೀವಿ?"

ಅಷ್ಟಕ್ಕೇ ಅವರು ಕೈ ತೊಳೆದುಕೊಂಡರು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ನನಗೆ ಹೊಟ್ಟೆ ಉರಿಸಿದ್ದು. ಆ ಹಳೇ ವಿಷಯ ಇದ್ದ ಪುಸ್ತಕ ಅವರ ಕಪಾಟಿನಲ್ಲೇ ಇತ್ತು, ನನ್ನ ಕುರ್ಚಿಯಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ತಿಂಗಳುಗಟ್ಟಲೆ ಅದರ ಮುಂದೆ ಕೂತಿದ್ದ ನಾನೂ ತೆರೆದು ನೋಡಿರಲಿಲ್ಲ. ಅವರನ್ನು ಬೈದಾಗಲೆಲ್ಲ ಈ ಮಾತು ಅಡ್ಡ ಬರುತ್ತದೆ, ಬೈಗುಳ ನನ್ನ ಮೇಲೇ ತಿರುಗುತ್ತದೆ. ಆ ತಿಂಗಳೇ ಕೆಲಸ ಬಿಟ್ಟೆ. ಅವರ ಇಂಗ್ಲಿಷ್ ಲೇಖನ ಆಮೇಲೆ ಅಚ್ಚಾಯಿತೆಂದು ಕೇಳಿದೆ. ಕೊನೆಯ ವಾಕ್ಯ ಹಾಗೇ ಇದೆಯಂತೆ.

ಗುಳ್ಳೆಗಳು ಮೂರು ವಾರಕ್ಕೆ ಮಾದವು. ಮಾದ ಮೇಲೆ ನಮಗೆ ನಿಜವಾದ ಪೆಟ್ಟು ಬಿತ್ತು. ತೊನ್ನು ಇರುವವರಿಗೆ ಚರ್ಮ ಗಾಯವಾದರೆ ಆ ಗಾಯದ ಜಾಗದಲ್ಲೂ ಬಣ್ಣ ಹೋಗುವುದುಂಟು ಎಂದು ಡಾಕ್ಟರು ಹೇಳಿದ್ದರು. ಹೇಳಿದಂತೆಯೇ ಆಯಿತು. ಕೆನ್ನೆ, ಗಲ್ಲ, ಮೂಗು, ಕತ್ತಿನ ಮುಂಭಾಗ, ಎಣ್ಣೆ ತಾಗಿದ್ದಲ್ಲೆಲ್ಲ ಹೊಸ ಚರ್ಮ ಬೆಳ್ಳಗೆ ಬಂತು. ಆ ಮೊದಲು ಅಕ್ಕನ ಮುಖದಲ್ಲಿ ಅಷ್ಟಿಷ್ಟು ಬಿಳಿ ಇತ್ತು. ಈಗ ಅಷ್ಟಿಷ್ಟು ಬಣ್ಣ ಉಳಿಯಿತು, ಅದೂ ಕಿವಿಯ ಹತ್ತಿರ. ಅಡುಗೆಮನೆಯಲ್ಲಿ ಅವ್ವ ಕಲ್ಲುಹೂವಿನ ಡಬ್ಬಿಯನ್ನು ತಿಪ್ಪೆಗೆ ಸುರಿದಳು. ಆಮೇಲೆ ನಮ್ಮ ಮನೆಯ ಮಸಾಲೆಗೆ ಅದು ಬೀಳಲಿಲ್ಲ.

ಆ ದಿನಗಳಲ್ಲೇ ಒಂದು ಬೆಳಗ್ಗೆ ಅಕ್ಕ ಹಜಾರದಲ್ಲಿ ಕೂತಿದ್ದಳು. ನಾನು ಅವಳ ಮುಖಕ್ಕೆ ಡಾಕ್ಟರು ಕೊಟ್ಟ ಮುಲಾಮು ಹಚ್ಚುತ್ತಿದ್ದೆ. ನನ್ನ ಕೈ ಹಿಡಿದು ತಿರುಗಿಸಿ, ಬೆರಳುಗಳನ್ನು ಒಂದೊಂದಾಗಿ ನೋಡಿದಳು.

"ನಿಂಗೇನೂ ಆಗ್ಲಿಲ್ವಾ ಅಮ್ಮಿ? ತಿಂಗ್ಳುಗಟ್ಲೆ ಅದ್ರಲ್ಲೇ ಕೈಯಾಡ್ಸಿದ್ಯಲ್ಲ?"

"ಗ್ಲೌಸ್ ಹಾಕ್ಕತಿದ್ದೆ ಕಣಕ್ಕ" ಅಂದೆ.

ಅಕ್ಕ ನನ್ನ ಕೈ ಬಿಟ್ಟಳು. ಮುಲಾಮಿನ ಟ್ಯೂಬನ್ನು ತಾನೇ ತೆಗೆದುಕೊಂಡು, ಕನ್ನಡಿಯ ಮುಂದೆ ಹೋಗಿ ಉಳಿದದ್ದನ್ನು ಹಚ್ಚಿಕೊಂಡಳು. ಅವತ್ತಿನಿಂದ ನನ್ನ ಕೈಯಲ್ಲಿ ಏನನ್ನೂ ಹಚ್ಚಿಸಿಕೊಳ್ಳಲಿಲ್ಲ. ತಲೆಗೆ ಎಣ್ಣೆಯನ್ನೂ ಸಹ. ಮಾತು ಬಿಡಲಿಲ್ಲ, ಊಟಕ್ಕೆ ಕರೆಯುವುದನ್ನು ಬಿಡಲಿಲ್ಲ, ನನ್ನ ಮದುವೆಯಲ್ಲಿ ಅವಳೇ ಓಡಾಡಿದಳು. ಅಮ್ಮಿ ಅನ್ನುವುದನ್ನು ಮಾತ್ರ ಬಿಟ್ಟಳು.

ನಾನು ಈಗ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಹೇಳುತ್ತೇನೆ. ಮಕ್ಕಳ ಉತ್ತರಪತ್ರಿಕೆಯಲ್ಲಿ 'ಬಹುದು' ಕಂಡರೆ ಯಾವ ಬಹುದು ಎಂದು ಅಂಚಿನಲ್ಲಿ ಬರೆಯುತ್ತೇನೆ. ಮೇಡಮ್ಮಿಗೆ ತಲೆ ಕೆಟ್ಟಿದೆ ಎಂದು ಅವರು ಆಡಿಕೊಳ್ಳುವುದೂ ನನಗೆ ಗೊತ್ತು.

ಕೆಲವು ವರ್ಷಗಳ ಮೇಲೆ, ಚೆಂಡುಹೂವಿನ ಕಾಲದಲ್ಲಿ ರಜೆಗೆ ಊರಿಗೆ ಹೋಗಿದ್ದೆ. ಬೆಳಗಿನ ಎಂಟು ಗಂಟೆಯೊಳಗೆ ಅಕ್ಕನ ಕೊಯ್ಲು ಮುಗಿಯುತ್ತಿತ್ತು, ಬಿಸಿಲೇರಿದರೆ ಮತ್ತೆ ಟವೆಲ್ಲು. ಬದುವಿನ ಮೇಲೆ ಕೊಡೆ ಹಿಡಿದು ಕೂತಿದ್ದಳು. ಪಕ್ಕದಲ್ಲಿ ನಾನು. ಕೇರಳದ ಕಾರೊಂದು ನಿಂತು, ಅದರಿಂದ ಇಳಿದ ಹೆಂಗಸೊಬ್ಬಳು ಅಕ್ಕನನ್ನು ಕಂಡು ಗಂಡನಿಗೆ ಏನೋ ಹೇಳಿದಳು. ಅದರಲ್ಲಿ 'ಮದಾಮ್ಮ' ಎಂಬುದು ಕೇಳಿಸಿತು. ಬಿಳಿಯರ ಹೆಂಗಸನ್ನು ಅವರು ಹಾಗನ್ನುತ್ತಾರೆ. ಗುಂಡ್ಲುಪೇಟೆಯ ಸುತ್ತಮುತ್ತ ಅಷ್ಟು ಮಲಯಾಳ ಎಲ್ಲರಿಗೂ ಬರುತ್ತದೆ.

"ನೋಡ್ದಾ?" ಅಂದಳು ಅಕ್ಕ. "ಇಂಗ್ಲೆಂಡಿಂದ ಊ ಕುಯ್ಯಕೆ ಬಂದಿವ್ನಿ ಅನ್ಕಂಡವ್ರೆ."

ನಗಲು ಹೋದೆ, ಆಗಲಿಲ್ಲ. ಅಷ್ಟು ವರ್ಷ ನುಂಗಿಕೊಂಡಿದ್ದನ್ನು ಅಲ್ಲೇ ಕೇಳಿಬಿಟ್ಟೆ.

"ಅಕ್ಕ, ನನ್ ಮ್ಯಾಲೆ ಇರೋ ಸಿಟ್ಟ ಬುಡಕಾಗಲ್ವಾ ನಿಂಗೆ?"

ಅವಳು ಕೊಡೆಯನ್ನು ಸ್ವಲ್ಪ ಓರೆ ಮಾಡಿ, ನೆರಳು ನನ್ನ ಮೇಲೂ ಬೀಳುವಂತೆ ಹಿಡಿದಳು. ರಸ್ತೆಯ ಕಡೆಗೇ ನೋಡುತ್ತಿದ್ದಳು.

"ಬುಡ್ಬೋದು" ಅಂದಳು.

ಯಾವ ಬಹುದು ಎಂದು ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.